43ರ ವಯಸ್ಸಿನಲ್ಲಿ ಬರಗಾಲದ ದೆವ್ವದ ಕಾದಂಬರಿ ಬರೆಯಲು ಹೊರಟರೆ ತಡವಾಯಿತೇ?

ನೀವು ಕೇಳಿದ್ದು ಇಷ್ಟು: ವಯಸ್ಸು 43, ಬ್ಯಾಂಕಿನಲ್ಲಿ ಕೆಲಸ, 1876-78ರ ಧಾತು-ಈಶ್ವರ ಬರದ ಕಾಲವನ್ನಿಟ್ಟುಕೊಂಡು ದೆವ್ವದ ಕಾದಂಬರಿ ಬರೆಯುವ ಆಸೆ. ತೀರಾ ತಡವಾಯಿತೇ, ಇತಿಹಾಸಕ್ಕೆ ಭಯವನ್ನು ಬೆರೆಸಿ ಬರೆಯುವವರು ಯಾವ ದಾರಿಯಲ್ಲಿ ಬಂದವರು?

ತಡವಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕಾದಂಬರಿ ಬರೆದವನಲ್ಲ, ಈ ಬಗೆಯ ಪುಸ್ತಕಗಳನ್ನು ಹುಡುಕಿಕೊಂಡು ಹೋಗಿ ಓದುವವನು. ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಅಮೆರಿಕದ ಆಲ್ಮಾ ಕಟ್ಸು ನೆನಪಾದರು. ಅವರ ಮೊದಲ ಕಾದಂಬರಿ 'ದಿ ಟೇಕರ್' ಅಚ್ಚಾದದ್ದು 2011ರಲ್ಲಿ, ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ದಶಕಗಟ್ಟಲೆ ಅಮೆರಿಕ ಸರ್ಕಾರದ ಗುಪ್ತಚರ ಸಂಸ್ಥೆಗಳಲ್ಲಿ ವಿಶ್ಲೇಷಕಿಯಾಗಿದ್ದರು. ಬೇರೆ ಬೇರೆ ದೇಶಗಳಲ್ಲಿ ನಡೆಯುವ ಸಾಮೂಹಿಕ ಹತ್ಯೆಗಳ ವರದಿಗಳನ್ನು ಜರಡಿ ಹಿಡಿಯುವುದೂ ಆ ಕೆಲಸದಲ್ಲಿ ಸೇರಿತ್ತು. ನೆರೆಹೊರೆಯವರೇ ಒಬ್ಬರ ಮೇಲೊಬ್ಬರು ಬೀಳುವ ಮೊದಲು ಊರಿನ ಮಾತುಕತೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಾಗದಪತ್ರಗಳಲ್ಲಿ ಕಂಡವರು ಅವರು. ಆ ಕಣ್ಣು ಯಾವ ಬರವಣಿಗೆ ಶಿಬಿರದಲ್ಲೂ ಸಿಗುವುದಿಲ್ಲ.

'ದಿ ಟೇಕರ್' ಮತ್ತು ಅದರ ಮುಂದಿನ ಎರಡು ಭಾಗಗಳು ರಸವಿದ್ಯೆ, ಸಾವಿಲ್ಲದ ಬದುಕು, ಬಿಟ್ಟರೂ ಬಿಡದ ಮೋಹದ ಕಥೆ. ಡಾರ್ಕ್ ಫ್ಯಾಂಟಸಿ ಎನ್ನುತ್ತಾರಲ್ಲ, ಅದು. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅಲ್ಲಿ ಹತ್ತೊಂಬತ್ತನೇ ಶತಮಾನ ನಾಟಕದ ಹಿಂದಿನ ಪರದೆಯಂತೆ ಸುಮ್ಮನೆ ತೂಗುತ್ತದೆ. ಆ ಸರಣಿ 2014ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಬಿಟ್ಟು, 2018ರಲ್ಲಿ ಬಂದ 'ದಿ ಹಂಗರ್' ಅವರ ದಾರಿಯನ್ನೇ ಬದಲಿಸಿತು. ಕಥಾವಸ್ತು ರೂಪಿಸಿ ಲೇಖಕರ ಕೈಗಿಡುವ ಗ್ಲಾಸ್‌ಟೌನ್ ಎಂಬ ಸಂಸ್ಥೆಯ ಜೊತೆ ಸೇರಿ ಮಾಡಿದ ಪುಸ್ತಕ ಅದು. ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ ಅದನ್ನು ಯಾರ ಅನುಭವ ಮುಟ್ಟಿತು ಎಂಬುದೇ ದೊಡ್ಡದು ಎಂದು ನನಗನ್ನಿಸಿದ್ದು ಅದನ್ನು ಓದಿದ ಮೇಲೆ.

ಅದರ ಹಿಂದಿನ ನಿಜಘಟನೆ ಇದು. 1846ರಲ್ಲಿ ಡಾನರ್ ಮತ್ತು ರೀಡ್ ಎಂಬ ಕುಟುಂಬಗಳು ಇಲಿನಾಯ್‌ನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟವು. ದಾರಿಯಲ್ಲಿ ಬೇರೆಯವರೂ ಕೂಡಿಕೊಂಡು 87 ಜನರಾದರು. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಹೊಗಳಿದ್ದ ಒಳದಾರಿಯನ್ನು ನಂಬಿ, ರೂಢಿಯ ದಾರಿ ಬಿಟ್ಟರು. ಹತ್ತಿರದ ದಾರಿ ಎಂದದ್ದು ಇನ್ನೂ ಉದ್ದವಾಗಿತ್ತು. ಕಾಡು ಕಡಿದು ದಾರಿ ಮಾಡುವುದರಲ್ಲಿ, ಉಪ್ಪಿನ ಮರುಭೂಮಿ ದಾಟುವುದರಲ್ಲಿ ವಾರಗಳು ಹೋದವು, ಎತ್ತುಗಳು ಸತ್ತವು. ಸಿಯೆರಾ ನೆವಾಡ ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಹಿಮ ಬಿದ್ದು ಕಣಿವೆ ಮುಚ್ಚಿತ್ತು. ಮೊದಲ ನೆರವಿನ ತಂಡ ಅವರನ್ನು ಮುಟ್ಟಿದ್ದು ಮಾರನೇ ವರ್ಷದ ಫೆಬ್ರವರಿಯಲ್ಲಿ. ಅಷ್ಟರೊಳಗೆ ಕೆಲವರು ಸತ್ತವರ ಮಾಂಸ ತಿನ್ನಲು ಶುರುಮಾಡಿದ್ದರು. ಬದುಕಿ ಉಳಿದವರು 48 ಮಂದಿ.

ಇಲ್ಲಿ ದೆವ್ವ ಯಾಕೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಕಟ್ಸು ಗಾಡಿಗಳ ಹಿಂದೆ ಏನೋ ಒಂದು ಹಿಂಬಾಲಿಸುತ್ತಿದೆ ಎಂಬ ಅಂಜಿಕೆಯನ್ನು ಹಿಮ ಬೀಳುವುದಕ್ಕೆ ತಿಂಗಳುಗಳ ಮೊದಲೇ, ಹೊಟ್ಟೆ ತುಂಬಿರುವಾಗಲೇ ಬಿತ್ತುತ್ತಾರೆ. ಆಗ ಜನ ಮಾಡುವುದೇನು? ಗಿಡಮೂಲಿಕೆ ಬಲ್ಲ ಟಾಮ್ಸೆನ್ ಡಾನರ್‌ಳನ್ನು ಮಾಟಗಾತಿ ಎನ್ನುತ್ತಾರೆ, ಒಂಟಿಯಾದವನ ಮೇಲೆ ಗುಮಾನಿ ಪಡುತ್ತಾರೆ, ಕಾಳನ್ನು ಬಚ್ಚಿಡುತ್ತಾರೆ. ಅವರನ್ನು ಕೊಂದದ್ದು ಹಿಮ ಎಂದಷ್ಟೇ ಓದಿಕೊಂಡಿದ್ದ ನನಗೆ ಆ ಗುಂಪು ಜುಲೈ ತಿಂಗಳಲ್ಲೇ ಒಡೆದದ್ದು ಕಂಡಿತು. ಆ ಕಾಣದ ಭೂತ ಇಲ್ಲದೆ ಹೋಗಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ತಕರಾರೂ ಇದೆ, ಅದು ನಿಮಗೆ ಬಹಳ ಮುಖ್ಯ. ಕಾದಂಬರಿಯಲ್ಲಿ ಲೂಯಿಸ್ ಕೆಸೆಬರ್ಗ್ ದುಷ್ಟ. ನಿಜವಾದ ಕೆಸೆಬರ್ಗ್ ಆ 87 ಜನರಲ್ಲೊಬ್ಬ, ಹಿಮದಲ್ಲಿ ಸಿಕ್ಕಿಬಿದ್ದ ಶಿಬಿರದಿಂದ ಕೊನೆಯಲ್ಲಿ ಹೊರಬಂದವನು. ಟಾಮ್ಸೆನ್‌ಳನ್ನು ಕೊಂದು ತಿಂದ ಎಂಬ ಮಾತು ಅವನ ಬೆನ್ನು ಬಿಡಲಿಲ್ಲ. ಮಾನಹಾನಿಯ ದಾವೆ ಹೂಡಿ ಗೆದ್ದ, ಪರಿಹಾರವಾಗಿ ಸಿಕ್ಕಿದ್ದು ಒಂದು ಡಾಲರ್. ಅಂಥವನಿಗೆ ಸತ್ತ ಮೇಲೆ ಇನ್ನೊಂದು ಕಳಂಕ ಹಚ್ಚಿದ್ದು ನನಗೆ ಸರಿಕಾಣಲಿಲ್ಲ. ನೀವು ಬರೆಯುವಾಗ ಊರು, ಮನೆತನದ ಹೆಸರು ಬದಲಿಸಿ. ಬರದಲ್ಲಿ ಕಾಳು ಬಚ್ಚಿಟ್ಟ ಸಾಹುಕಾರನ ಮರಿಮಕ್ಕಳು ಇವತ್ತಿಗೂ ಅದೇ ಬೀದಿಯಲ್ಲಿ ಇರಬಹುದು.

2020ರ 'ದಿ ಡೀಪ್' ಟೈಟಾನಿಕ್ ಮತ್ತು ಅದರ ಜೊತೆಯ ಹಡಗು ಬ್ರಿಟಾನಿಕ್‌ಗಳ ಕಥೆ. ಎರಡೂ ಮುಳುಗಿದಾಗ ಹಡಗಿನಲ್ಲಿದ್ದು ಬದುಕಿಬಂದ ವಯೊಲೆಟ್ ಜೆಸಪ್ ಎಂಬಾಕೆ ಇತಿಹಾಸದಲ್ಲೇ ಇದ್ದಾಳೆ. ಅವಳ ಬದುಕಿನ ಎದುರು ಕಾದಂಬರಿ ಪೇಲವ.

ಆದರೆ 2022ರ 'ದಿ ಫರ್ವರ್' ಓದಲೇಬೇಕು. ಕಟ್ಸು ಅವರ ತಾಯಿ ಜಪಾನಿನವರು. 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಅಧ್ಯಕ್ಷರ ಒಂದು ಆದೇಶದ ನಂತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಮುಳ್ಳುತಂತಿಯೊಳಗೆ ಕೂಡಿಹಾಕಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಕಾದಂಬರಿ ಐಡಾಹೋದ ಮಿನಿಡೋಕಾ ಶಿಬಿರದಲ್ಲಿ ನಡೆಯುತ್ತದೆ. ಅಲ್ಲಿ ಹಬ್ಬುವ ವಿಚಿತ್ರ ಜ್ವರಕ್ಕೆ ಜಪಾನಿನ ಜಾನಪದದ ಜೋರೋಗುಮೊ, ಅಂದರೆ ಹೆಣ್ಣಿನ ರೂಪ ತಾಳುವ ಜೇಡ, ಹೆಣೆದುಕೊಂಡಿದೆ. ಜಪಾನ್ ಗಾಳಿಗೆ ತೇಲಿಬಿಟ್ಟ ಬಲೂನ್ ಬಾಂಬ್‌ಗಳೂ ಬರುತ್ತವೆ. ಅದು ಕಟ್ಟುಕಥೆಯಲ್ಲ. 1945ರ ಮೇ 5ರಂದು ಆರೆಗಾನ್‌ನ ಬ್ಲೈ ಬಳಿ ಪಿಕ್ನಿಕ್‌ಗೆ ಹೋದ ಗರ್ಭಿಣಿಯೊಬ್ಬಳು ಮತ್ತು ಐದು ಮಕ್ಕಳು ಅಂಥ ಬಾಂಬಿಗೆ ಸತ್ತರು. ಪರದೇಶದ ಭೂತವನ್ನು ಬಾಡಿಗೆಗೆ ತರದೆ ತಾಯಿಯ ಕಡೆಯ ಭೂತವನ್ನೇ ಕರೆದದ್ದಕ್ಕೆ ಆ ಪುಸ್ತಕದಲ್ಲಿ ಅಷ್ಟು ಬಿಸಿ ಇದೆ.

ಈ ನಡುವೆ ಕಟ್ಸು ತಮ್ಮ ಹಳೆಯ ಕಸುಬಿನ ಮೇಲೆ ಗೂಢಚಾರಿ ಕಾದಂಬರಿಗಳನ್ನೂ ಬರೆದರು. ಒಂದೇ ಬಗೆಯ ಪುಸ್ತಕಕ್ಕೆ ಅಂಟಿಕೊಳ್ಳಲಿಲ್ಲ.

ಈಗ ನಿಮ್ಮ ಬರ. ತರಗತಿಯಲ್ಲಿ ಅದಕ್ಕೆ ನನಗೆ ಸಿಗುವುದು ಐದು ನಿಮಿಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಯಾರ ಮುಖವೂ ಬಾಡುವುದಿಲ್ಲ. ಅದೇ ಮಕ್ಕಳು ಮನೆಯಲ್ಲಿ ಗಬಗಬ ತಿಂದರೆ 'ಬರಗೆಟ್ಟವರ ಹಾಗೆ ತಿನ್ನಬೇಡ' ಎಂದು ಬೈಸಿಕೊಳ್ಳುತ್ತಾರೆ. ನಮ್ಮಜ್ಜಿಯೂ ಹಾಗೇ ಬೈಯುತ್ತಿದ್ದಳು. ಬರ ನಮ್ಮ ಬೈಗುಳದಲ್ಲಿ ಕೂತಿದೆ, ನಮಗೇ ಗೊತ್ತಿಲ್ಲ. ನಿಮ್ಮ ದೆವ್ವಕ್ಕೆ ಮೋಹಿನಿಯ ಬಿಳಿ ಸೀರೆ, ಹಿಂದುಮುಂದಾದ ಪಾದ ಬೇಡ. ಅದು ಅನ್ನದ ಸುತ್ತಲೇ ಇರಲಿ.

ಕಟ್ಸುಗೆ ಗುಪ್ತಚರ ವರದಿ ಓದುವುದು ಗೊತ್ತಿದ್ದಂತೆ ನಿಮಗೆ ಲೆಕ್ಕದ ಪುಸ್ತಕ ಓದುವುದು ಗೊತ್ತು. 1877ರಲ್ಲಿ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿ ಗೊತ್ತುಮಾಡಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ಬಿಸಿಲಲ್ಲಿ ಕಲ್ಲು ಒಡೆಯುವವನಿಗೆ ಅರ್ಧ ಕಿಲೋಕ್ಕೂ ಕಡಿಮೆ ಕಾಳು. ಅದನ್ನು ತೂಗಿಕೊಟ್ಟು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ ಗುಮಾಸ್ತನೊಬ್ಬ ಇದ್ದೇ ಇದ್ದ. ಸಂಜೆ ಅವನೂ ಮನೆಗೆ ಹೋಗುತ್ತಿದ್ದ, ಹೆಂಡತಿ ತಟ್ಟೆ ಇಡುತ್ತಿದ್ದಳು. ನಾನಾಗಿದ್ದರೆ ಆ ಅಡುಗೆಮನೆಯಿಂದ ಶುರು ಮಾಡುತ್ತಿದ್ದೆ.