ಹೊಟ್ಟೆಯ ಬ್ಯಾಕ್ಟೀರಿಯಾ, ಕಟ್ಟಿದ ಗಂಟಲು

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಅಡಿಕೆ ತೋಟ ಇದೆ. ಹೊಟ್ಟೆ ಉರಿ ಅಂತ ಎಂಡೋಸ್ಕೋಪಿ ಮಾಡಿಸಿದೆವು. ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ ಎಂದು 14 ದಿನದ ಮಾತ್ರೆ ಕೊಟ್ಟಿದ್ದಾರೆ. ಇದರಿಂದ ಗಂಟಲು ಕ್ಯಾನ್ಸರ್ ಬರುತ್ತದೆ ಎಂದು ನನ್ನ ಓರಗಿತ್ತಿ ಮೊಬೈಲಿನಲ್ಲಿ ಓದಿದಳಂತೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ಎರಡು ತಿಂಗಳಿಂದ ಅವರ ಗಂಟಲು ಬೇರೆ ಕಟ್ಟಿದೆ. ದಿನಾ ಕವಳ (ಎಲೆ ಅಡಿಕೆ) ಹಾಕುತ್ತಾರೆ, ತಂಬಾಕು ಸೇರಿಸಿ.
– ಒಬ್ಬ ಓದುಗರು, ಶಿರಸಿ

ಉತ್ತರ: ನಿಮ್ಮ ನಿದ್ದೆ ಕೆಡಿಸಿದ ಸುದ್ದಿಯನ್ನು ಮೊದಲು ಮುಗಿಸೋಣ. ಎಚ್. ಪೈಲೋರಿ ವಾಸ ಮಾಡುವುದು ಹೊಟ್ಟೆಯಲ್ಲಿ. ಆಸ್ಟ್ರೇಲಿಯಾದ ಡಾ. ಬ್ಯಾರಿ ಮಾರ್ಷಲ್ 1984ರಲ್ಲಿ ಇದನ್ನು ತಾವೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು! ಅವರಿಗೂ, ಅವರ ಜೊತೆ ಈ ಬ್ಯಾಕ್ಟೀರಿಯಾ ಪತ್ತೆ ಮಾಡಿದ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಇದು ಹೊಟ್ಟೆಯ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಹಾಗೆಂದು ಇದ್ದವರಿಗೆಲ್ಲ ಬರುವುದಿಲ್ಲ, ತೀರಾ ಕೆಲವರಿಗೆ ಮಾತ್ರ. ಗಂಟಲಿನ ವಿಷಯ ಬೇರೆ. ಕೆಲವು ಅಧ್ಯಯನಗಳು ನಂಟು ಇದೆ ಎನ್ನುತ್ತವೆ, ಕೆಲವು ಇಲ್ಲ ಎನ್ನುತ್ತವೆ. ಸಾಬೀತಾಗಿಲ್ಲ. ಒಸಡಿನ ಕೆಲವು ಬ್ಯಾಕ್ಟೀರಿಯಾಗಳು ಬಾಯಿ, ಅನ್ನನಾಳದ ಗೆಡ್ಡೆಗಳಲ್ಲಿ ಸಿಕ್ಕಿವೆ. ಅವು ಗೆಡ್ಡೆಗೆ ಮೊದಲೇ ಬಂದವೋ, ಗೆಡ್ಡೆ ನೋಡಿ ಮನೆ ಮಾಡಿಕೊಂಡವೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ಗಂಟಲಿನ ಒಂದು ಭಾಗದ ಕ್ಯಾನ್ಸರ್‌ಗೆ ಖಚಿತವಾಗಿ ಕಾರಣವಾಗುವ ಸೋಂಕು ಎಚ್‌ಪಿವಿ. ಅದು ವೈರಸ್, ಬ್ಯಾಕ್ಟೀರಿಯಾ ಅಲ್ಲ.

ಮಾತ್ರೆಯ ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಬಾಯಿ ಕಹಿಯಾಗುತ್ತದೆ ಅಂತ ಬಿಡುವವರು ಜಾಸ್ತಿ. ಮುಗಿದು ನಾಲ್ಕು ವಾರ ಕಳೆದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ.

ಈಗ ನಿಮ್ಮ ಕೊನೆಯ ಎರಡು ಸಾಲು. ಅವನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ದೊಡ್ಡವರಿಗೆ, ಅದರಲ್ಲೂ ತಂಬಾಕು ಬಳಸುವವರಿಗೆ, ಮೂರು ವಾರ ದಾಟಿದರೂ ಗಂಟಲು ಬಿಡದಿದ್ದರೆ ದನಿಪೆಟ್ಟಿಗೆ ನೋಡಲೇಬೇಕು. ನಿಮ್ಮವರದು ಎರಡು ತಿಂಗಳಾಯಿತಲ್ಲ. ಎಂಡೋಸ್ಕೋಪಿ ಮಾಡಿದಾಗಲೇ ಗಂಟಲೂ ನೋಡಿರುತ್ತಾರೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆ ಕೊಳವೆ ಹೊಟ್ಟೆಗೆ ಹೊರಟದ್ದು, ಗಂಟಲನ್ನು ದಾಟಿ ಹೋಗಿಬಿಡುತ್ತದೆ. ಇಎನ್‌ಟಿ ಡಾಕ್ಟರ್ ಮೂಗಿನಿಂದ ತೆಳು ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಐದು ನಿಮಿಷದ ಕೆಲಸ, ಅರಿವಳಿಕೆ ಕೊಟ್ಟು ಮಲಗಿಸಬೇಕಿಲ್ಲ.

ಹಿಂದೆ ನನ್ನ ಹತ್ತಿರ ಒಬ್ಬ ಬಸ್ ಕಂಡಕ್ಟರ್ ಬಂದಿದ್ದರು. ಕೂಗಿ ಕೂಗಿ ದನಿ ಹೋಗಿದೆ ಅಂದುಕೊಂಡು ನಾಲ್ಕು ತಿಂಗಳು ಜ್ಯೇಷ್ಠಮಧು ಜಗಿದಿದ್ದರು. ನೋಡಿದರೆ ಎಡ ಸ್ವರತಂತುವಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗಂಟು. ಕ್ಯಾನ್ಸರೇ. ಆದರೆ ಅಲ್ಲಿಂದ ಆಚೆ ಹರಡಿರಲಿಲ್ಲ. ರೇಡಿಯೇಷನ್ ಆಯಿತು, ದನಿಯೂ ಉಳಿಯಿತು. ಸ್ವರತಂತುವಿನ ಕ್ಯಾನ್ಸರ್ ಬೇಗ ದನಿ ಕೆಡಿಸುತ್ತದೆ, ಅದೇ ನಮಗೆ ಅನುಕೂಲ.

ನಿಮ್ಮ ಯಜಮಾನರಿಗೂ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಹುಳಿ ಮೇಲೆ ಬಂದರೂ ಗಂಟಲು ಕಟ್ಟುತ್ತದೆ, ಅವರಿಗೆ ಹೊಟ್ಟೆ ಉರಿಯೂ ಇದೆ. ಆದರೆ ನೋಡದೆ ಊಹೆ ಮಾಡುವುದು ಬೇಡ. ತಂಬಾಕು ಇವತ್ತೇ ನಿಲ್ಲಲಿ. ತಂಬಾಕಿಲ್ಲದ ಕವಳವೂ ಸುರಕ್ಷಿತವಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ತೋಟದವರ ಮನೆಗೆ ಹೀಗೆ ಬರೆಯಲು ನನಗೂ ಸಂಕೋಚ. ಈ ವಾರವೇ ಇಎನ್‌ಟಿಯವರ ಬಳಿ ಹೋಗಿ. ಎಂಡೋಸ್ಕೋಪಿ ರಿಪೋರ್ಟ್ ಒಯ್ಯಿರಿ. ಕವಳದ ಲೆಕ್ಕವನ್ನು ಅವರ ಬಾಯಲ್ಲಿ ಬಿಡದೆ, ನೀವೇ ಹೇಳಿ.