ಒಂದು ಕಾಂಜಿಗೆ ಹನ್ನೆರಡು ಓದು, ಎಲ್ಲವನ್ನೂ ಬಾಯಿಪಾಠ ಮಾಡಬೇಕಾ?

ನೀವು ಕೇಳಿದ್ದು 'ಜೀವ' ಅನ್ನುವ ಅರ್ಥದ ಕಾಂಜಿ (生) ಬಗ್ಗೆ. ಕಾಂಜಿ ಅಂದರೆ ಜಪಾನಿಯರು ಚೀನಾದಿಂದ ತಂದುಕೊಂಡ ಅಕ್ಷರ, ಓದು ಅಂದರೆ ಅದನ್ನು ಉಚ್ಚರಿಸುವ ರೀತಿ. ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಎಡಗಡೆ ಮೇಲೊಂದು ಚಿಕ್ಕ ಓರೆಗೆರೆ, ಅದೇ ತಾನೇ? ಅದರ ಓದುಗಳ ಪಟ್ಟಿ ನೋಡಿ ತಲೆ ಕೆಟ್ಟಿದೆ, ಹೇಗೆ ನೆನಪಿಟ್ಟುಕೊಳ್ಳುವುದು ಅಂದಿರಿ. ಮೊದಲು ಆ ಪಟ್ಟಿ ಮುಚ್ಚಿಡಿ. ನಾನು ಅದನ್ನೇ ಉರುಹೊಡೆದು ಒಂದು ತಿಂಗಳು ಹಾಳು ಮಾಡಿಕೊಂಡವನು.

ಜಪಾನ್ ಸರ್ಕಾರದ ದಿನಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅದರಲ್ಲಿ ಇದೊಂದಕ್ಕೇ 12 ಓದು ಕೊಟ್ಟಿದ್ದಾರೆ. ತಮಾಷೆ ಅಂದರೆ ಅಲ್ಲಿ ಒಂದನೇ ಕ್ಲಾಸಿಗೆ ಇಟ್ಟಿರುವ 80 ಕಾಂಜಿಗಳಲ್ಲಿ ಇದೂ ಒಂದು. ಆ ಮಕ್ಕಳಿಗೆ ಮಾತು ಮೊದಲೇ ಗೊತ್ತಿರುತ್ತದೆ, ಅಕ್ಷರ ಆಮೇಲೆ ಬರುತ್ತದೆ. ನಾವು ಉಲ್ಟಾ ಹೊರಟು ಒದ್ದಾಡುತ್ತೇವೆ.

ಒಂದು ಗುರುತಿಗೆ ಇಷ್ಟು ಓದು ಯಾಕೆ ಅನ್ನುವುದು ಕನ್ನಡದವರಿಗೆ ಬೇಗ ಅರ್ಥವಾಗಬೇಕು. ನೀರಿಗೆ ಒಂದು ಗುರುತು ಇದೆ ಅಂದುಕೊಳ್ಳಿ. ಅದೊಂದೇ ಇದ್ದರೆ 'ನೀರು' ಅಂತ ಓದುತ್ತೀರಿ, ಪಕ್ಕದಲ್ಲಿ ಇನ್ನೊಂದು ಗುರುತು ಬಂದರೆ 'ಜಲಪಾತ', 'ಜಲಾಶಯ' ಅನ್ನುತ್ತೀರಿ, 'ನೀರುಪಾತ' ಅಂತ ಯಾರಾದರೂ ಓದುತ್ತಾರಾ? ಅಲ್ಲೂ ಅಷ್ಟೇ. ಚೀನಾದಿಂದ ಬಂದ ಓದು ಹೆಚ್ಚಾಗಿ ಜೋಡಿಪದದಲ್ಲಿ, ಮನೆಮಾತಿನದು ಬಿಡಿಪದದಲ್ಲಿ. ಈ ಕಾಂಜಿಗೆ ಚೀನಾದ ಕಡೆಯ ಓದು ಎರಡು, 'ಸೇ' ಮತ್ತು 'ಶೋ'. ಬೇರೆ ಬೇರೆ ಕಾಲದಲ್ಲಿ ಬಂದದ್ದರಿಂದ ಎರಡಾಗಿವೆ, ನಮ್ಮಲ್ಲಿ ವರ್ಣವೂ ಬಣ್ಣವೂ ಎರಡೂ ಉಳಿದ ಹಾಗೆ. ಸೆನ್‌ಸೇ ಅಂದರೆ ಮೇಷ್ಟ್ರು, ಗಕುಸೇ ಅಂದರೆ ವಿದ್ಯಾರ್ಥಿ, ಇಶ್ಶೋ ಅಂದರೆ ಇಡೀ ಜೀವಮಾನ. ಹುಟ್ಟಿದಹಬ್ಬಕ್ಕೆ ತನ್‌ಜೋಬಿ, ಅಲ್ಲಿ ಶೋ ಸ್ವಲ್ಪ ಮೆತ್ತಗಾಗಿ ಜೋ ಆಗಿದೆ.

ಮನೆಮಾತಿನ ಕ್ರಿಯಾಪದಗಳಿಗೆ ಬಾಲ ನೋಡಿ, ಅಂದರೆ ಕಾಂಜಿ ಆದ ಕೂಡಲೇ ಬರುವ ಹಿರಗಾನ, ನಮ್ಮ ಅಕ್ಷರಗಳ ಹಾಗೆ ಬರೀ ಉಚ್ಚಾರಣೆ ತೋರಿಸುವ ಲಿಪಿ. 'ಕಿರು' ಇದ್ದರೆ ಇಕಿರು, ಬದುಕುವುದು. 'ಮರೆರು' ಇದ್ದರೆ ಉಮರೆರು, ಹುಟ್ಟುವುದು. 'ಎರು' ಇದ್ದರೆ ಹಎರು, ಹುಲ್ಲು, ಹಲ್ಲು, ಗಡ್ಡ ಬೆಳೆಯುವುದು. ಬಾಲವೇ ಓದನ್ನು ಹೇಳಿಕೊಡುತ್ತದೆ, ಅದಕ್ಕೆ ಬೇರೆ ಕಸರತ್ತು ಬೇಡ.

ನನಗೆ ತುಂಬಾ ಇಷ್ಟವಾದದ್ದು 'ನಮ' ಅನ್ನುವ ಓದು. ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಸೆನ್‌ಸೇ ಒಂದೇ. ಊಟದ ಅಂಗಡಿಯಲ್ಲಿ ಮೆನು ನೋಡಿ ಧೈರ್ಯವಾಗಿ 'ಸೇ ಬೀರು' ಕೇಳಿದೆ, ಜೊತೆಗಿದ್ದವರು ನಕ್ಕು ಸುಸ್ತಾದರು. ಅದು ನಮ ಬೀರು. ಅಲ್ಲಿ ಸುಮ್ನೆ 'ನಮ' ಅಂದರೂ ಸಾಕು, ಮಗ್‌ನಲ್ಲಿ ತುಂಬಿಸಿದ ಬಿಯರ್ ಬರುತ್ತದೆ. ಆಮೇಲೆ ಗೊತ್ತಾಯಿತು, ಈ ನಮ ಅನ್ನುವುದು ನಮ್ಮ 'ಹಸಿ'ಯೇ! ನಮ ತಮಾಗೊ ಹಸಿ ಮೊಟ್ಟೆ. ನಮಕಿ ಹಸಿ ಕಟ್ಟಿಗೆ. ನಮಕಿಜು ಹಸಿ ಗಾಯ. ಅಡುಗೆಮನೆಯ ಕಸಕ್ಕೆ ನಮಗೊಮಿ, ಬೆಂಗಳೂರಿನಲ್ಲಿ ದಿನಾ ಬೆಳಿಗ್ಗೆ ಬೇರೆ ಮಾಡಿ ಕೊಡುತ್ತೇವಲ್ಲ, ಅದೇ ಹಸಿ ಕಸ. ಇಂಗ್ಲಿಷ್ ಅರ್ಥ ಹಿಡಿದುಕೊಂಡು ಕಲಿತಿದ್ದರೆ ಮೊಟ್ಟೆಗೊಂದು, ಕಟ್ಟಿಗೆಗೊಂದು, ಗಾಯಕ್ಕೊಂದು ಬೇರೆ ಬೇರೆ ಪದ ನೆನಪಿಡಬೇಕಿತ್ತು, ಕನ್ನಡದಲ್ಲಿ ಒಂದೇ ಪದಕ್ಕೆ ಕೆಲಸ ಮುಗಿಯಿತು. ಈ ಕಾಂಜಿಯ ಮೂಲ ಚಿತ್ರವೇ ಮಣ್ಣಿನಿಂದ ಎದ್ದ ಮೊಳಕೆ, ಹಾಗಾಗಿ ಹುಟ್ಟು, ಬದುಕು, ಹಸಿ ಎಲ್ಲಾ ಒಂದೇ ಬಳ್ಳಿಯವು. ಎಲ್ಲಾ ಕಡೆ ಹಸಿ ನಡೆಯಲ್ಲ ಅನ್ನಿ, ನಮ ಹೋಸೋ ಅಂದರೆ ನೇರ ಪ್ರಸಾರ.

ಹುಲ್ಲುಹಾಸಿಗೆ ಶಿಬಫು ಅನ್ನುತ್ತಾರೆ, ಅದರಲ್ಲಿ ಇದೇ ಕಾಂಜಿ ಕೂತಿದೆ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥವನ್ನು ಇಡೀ ಪದವಾಗಿ ನುಂಗಿಬಿಡಿ.

ಹೆಸರುಗಳ ಗೊಡವೆಗೆ ಮಾತ್ರ ಈಗಲೇ ಹೋಗಬೇಡಿ. ಐಸ್ ಸ್ಕೇಟಿಂಗ್‌ನ ಯುಜುರು ಹನ್ಯೂ, ಶೋಗಿ ಅನ್ನುವ ಜಪಾನಿ ಚದುರಂಗದ ಯೋಶಿಹರು ಹಬು, ಇಬ್ಬರೂ ಮನೆಹೆಸರು ಬರೆಯುವುದು ಅವೇ ಎರಡು ಕಾಂಜಿಯಲ್ಲಿ, ಎರಡನೆಯದು ನಿಮ್ಮ ಈ ಕಾಂಜಿಯೇ! ಒಬ್ಬರದು ಹನ್ಯೂ, ಇನ್ನೊಬ್ಬರದು ಹಬು. ಅಲ್ಲಿನವರೂ ಹೊಸಬರ ಹೆಸರು ಹೇಗೆ ಓದುವುದು ಅಂತ ಕೇಳಿಯೇ ತಿಳಿದುಕೊಳ್ಳುತ್ತಾರೆ, ಅದಕ್ಕೇ ಅರ್ಜಿಗಳಲ್ಲಿ ಹೆಸರಿನ ಮೇಲೆ ಉಚ್ಚಾರಣೆ ಬರೆಯಲು ಫುರಿಗಾನ ಅಂತ ಇನ್ನೊಂದು ಖಾನೆ ಇರುತ್ತದೆ.