ಸೌದೆ ಉರಿದರೂ ಮನೆ ಬೆಚ್ಚಗಾಗದಿರುವುದೇಕೆ?

ಪ್ರಶ್ನೆ: ನಮ್ಮ ಮನೆಯ ಹಜಾರದಲ್ಲಿ ಇಟ್ಟಿಗೆಯಿಂದ ಕಟ್ಟಿದ ತೆರೆದ ಅಗ್ಗಿಷ್ಟಿಕೆಯಿದೆ. ಎಷ್ಟು ಸೌದೆ ಹಾಕಿದರೂ ಎದುರಿಗೆ ಕುಳಿತವರ ಮೊಣಕಾಲು ಸುಡುತ್ತದೆಯೇ ಹೊರತು ಬೆನ್ನಿಗೆ ಚಳಿ ತಪ್ಪುವುದಿಲ್ಲ. ಉಳಿದ ಕೋಣೆಗಳು ಮೊದಲಿಗಿಂತಲೂ ತಣ್ಣಗಾದಂತೆ ಅನ್ನಿಸುತ್ತದೆ. ಕಡಿಮೆ ಸೌದೆಯಲ್ಲಿ ಹೆಚ್ಚು ಕಾವು ಪಡೆಯುವುದು ಹೇಗೆ?

ಉತ್ತರ: ಉಳಿದ ಕೋಣೆಗಳು ತಣ್ಣಗಾಗುತ್ತವೆ ಎಂಬ ನಿಮ್ಮ ಅನಿಸಿಕೆ ಸರಿಯಾಗಿದೆ, ಸಮಸ್ಯೆಯ ಮೂಲವೂ ಅಲ್ಲಿಯೇ ಇದೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಉರಿ ಎದ್ದಾಗ ಚಿಮಣಿಯು ಹೊಗೆಯ ಜೊತೆಗೆ ಕೋಣೆಯ ಬೆಚ್ಚನೆಯ ಗಾಳಿಯನ್ನೂ, ಅದೂ ಉರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿ, ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಹಾಗೆ ಹೋದ ಗಾಳಿಯ ಜಾಗಕ್ಕೆ ಹೊರಗಿನ ತಣ್ಣನೆಯ ಗಾಳಿ ಬಾಗಿಲು, ಕಿಟಕಿಗಳ ಸಂದಿಯಿಂದ ನುಗ್ಗುತ್ತದೆ. ಉರಿ ಜೋರಾಗಿರುವಾಗ ಪಕ್ಕದ ಕೋಣೆಯ ಕಿಟಕಿಯ ಸಂದಿನ ಬಳಿ, ಪರದೆ ಸರಿಸಿ, ಹೊತ್ತಿಸಿದ ಮೇಣದಬತ್ತಿಯನ್ನು ಹಿಡಿದು ನೋಡಿ. ಅದರ ಕುಡಿ ಒಳಮುಖವಾಗಿ ಬಾಗುವುದು ಕಾಣುತ್ತದೆ. ಇಂಥ ಅಗ್ಗಿಷ್ಟಿಕೆಯಲ್ಲಿ ಸೌದೆಯ ಶಾಖದ ಸುಮಾರು ಶೇ 10ರಷ್ಟು ಮಾತ್ರ ಕೋಣೆಗೆ ದಕ್ಕುವುದರಿಂದ, ಇನ್ನಷ್ಟು ಸೌದೆ ಒಟ್ಟುವುದು ಪರಿಹಾರವಲ್ಲ.

ಖರ್ಚಿಲ್ಲದೆ ಸರಿಪಡಿಸಬಹುದಾದದ್ದು ಸೌದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಅದೆಲ್ಲವೂ ಚಿಮಣಿಯ ಪಾಲಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಉರಿಯ ಬಿಸಿ ಇಳಿದಾಗ ಮರದಿಂದ ಹೊರಬರುವ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೋಗಿ, ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟಿಕೊಳ್ಳುತ್ತವೆ. ಸೌದೆಯನ್ನು ಸೀಳಿ, ನೆಲಕ್ಕೆ ತಾಗದಂತೆ, ಮೇಲೆ ಮಾತ್ರ ಮರೆಮಾಡಿ, ಗಾಳಿಯಾಡುವ ಕಡೆ ಕನಿಷ್ಠ 6 ತಿಂಗಳು ಒಣಗಿಸಿ. ಗಟ್ಟಿ ಮರವಾದರೆ ಒಂದೆರಡು ವರ್ಷವೂ ಬೇಕಾಗುತ್ತದೆ. ತೇವಾಂಶ ಶೇ 20ಕ್ಕಿಂತ ಕಡಿಮೆಯಿರಬೇಕು. ಒಣಗಿದ ತುಂಡುಗಳ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಒಂದಕ್ಕೊಂದು ಬಡಿದರೆ ಠಣ್ಣೆನ್ನುತ್ತವೆ. ಹಸಿಯಾದದ್ದು ದಬ್ಬೆನ್ನುತ್ತದೆ, ಉರಿಯುವಾಗ ತುದಿಯಲ್ಲಿ ನೊರೆ ಉಕ್ಕಿಸುತ್ತದೆ. ದೊಡ್ಡ ದಿಮ್ಮಿಗಳನ್ನು ಗಂಟೆಗಟ್ಟಲೆ ಹೊಗೆಯಾಡಿಸುವುದಕ್ಕಿಂತ ಚಿಕ್ಕದಾದರೂ ಪ್ರಖರವಾದ ಉರಿಯೇ ಮೇಲು.

ಅಗ್ಗಿಷ್ಟಿಕೆಯ ಆಕಾರವೂ ಮುಖ್ಯ. 1790ರ ದಶಕದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಅಗ್ಗಿಷ್ಟಿಕೆಯ ಆಳವನ್ನು ಕಡಿಮೆ ಮಾಡಿ, ಅಕ್ಕಪಕ್ಕದ ಗೋಡೆಗಳನ್ನು ಕೋಣೆಯತ್ತ ಓರೆಯಾಗಿಸಿ, ಹೊಗೆ ಹೋಗುವ ಕತ್ತನ್ನು ಕಿರಿದಾಗಿಸಿ, ಹೆಚ್ಚು ಶಾಖ ಕೋಣೆಗೆ ಬರುವಂತೆ ಮಾಡಿ ತೋರಿಸಿದರು. ತೆರೆದ ಅಗ್ಗಿಷ್ಟಿಕೆ ಕಟ್ಟುವವರು ಇಂದಿಗೂ ಈ ವಿನ್ಯಾಸವನ್ನು ಬಳಸುತ್ತಾರೆ. ಕಟ್ಟಿದ್ದನ್ನು ಒಡೆಯಲಾಗದಿದ್ದರೆ, ಹಿಂಗೋಡೆಗೆ ಎರಕದ ಕಬ್ಬಿಣದ ದಪ್ಪ ಹಲಗೆಯೊಂದನ್ನು ಒರಗಿಸಿ. ಅದು ಕಾದು ಕೋಣೆಯತ್ತ ಶಾಖ ಸೂಸುತ್ತದೆ. ಆದರೆ ಇದರಿಂದ ಸಿಗುವ ಲಾಭ ಅಲ್ಪ. ನಿಜವಾದ ಬದಲಾವಣೆ ಬೇಕಿದ್ದರೆ, ಗಾಜಿನ ಬಾಗಿಲು ಮತ್ತು ಗಾಳಿ ಹತೋಟಿಯಿರುವ ಲೋಹದ ಒಲೆಯನ್ನು ಅದೇ ಗೂಡಿನೊಳಗೆ ಕೂರಿಸಿ, ಅದಕ್ಕೆ ಸರಿಹೊಂದುವ ಕೊಳವೆಯನ್ನು ಚಿಮಣಿಯೊಳಗೆ ಇಳಿಸಬೇಕು. ಒಳ್ಳೆಯ ಒಲೆಗಳಲ್ಲಿ ಶೇ 70ರ ಆಸುಪಾಸು ಶಾಖ ಮನೆಗೆ ದಕ್ಕುತ್ತದೆ. ಹಣ ಹೊಂದಿಸಲು ಸಾಧ್ಯವಿದ್ದರೆ ನಾನು ಹೇಳುವುದು ಇದನ್ನೇ. ಅಳವಡಿಸುವ ಕೆಲಸ ಮಾತ್ರ ಅನುಭವಸ್ಥರಿಂದಲೇ ಆಗಲಿ.

ಯಾವುದನ್ನು ಆರಿಸಿಕೊಂಡರೂ ವರ್ಷಕ್ಕೊಮ್ಮೆ ಚಿಮಣಿಯನ್ನು ಪರೀಕ್ಷಿಸಿ ಮಸಿ ತೆಗೆಸಿ, ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಡಿ. ಉರಿಯಿಲ್ಲದ ದಿನಗಳಲ್ಲಿ ಚಿಮಣಿಯ ಡ್ಯಾಂಪರ್ (ಹೊಗೆಯ ದಾರಿಯನ್ನು ತೆರೆದು ಮುಚ್ಚುವ ತಗಡು) ಮುಚ್ಚಿದ್ದರೆ ಮನೆಯ ಕಾವು ಉಳಿಯುತ್ತದೆ, ಆದರೆ ರಾತ್ರಿ ಮಲಗುವ ಮುನ್ನ ಅದನ್ನು ಮುಚ್ಚಬೇಡಿ. ಬೂದಿಯಡಿಯ ಕೆಂಡದಿಂದಲೂ ಆ ವಿಷಾನಿಲ ಹೊರಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರುದಿನ ಬೂದಿಯನ್ನು ಕೆದಕಿ, ಎಲ್ಲಿಯೂ ಕೆಂಡ ಉಳಿದಿಲ್ಲವೆಂದು ಖಚಿತವಾದ ಮೇಲೆ ಮುಚ್ಚಿ.